ಅಂಡಾಶಯದ ಒಳನೋಟ: ಪುಟಕಗಳ ಪಾಠವನ್ನು ತರಗತಿಯಲ್ಲಿ ಹೇಳುವ ಬಗೆ



ಜೀವವಿಜ್ಞಾನದ ಪಠ್ಯಪುಸ್ತಕಗಳಲ್ಲಿ ಅಂಡಾಶಯದ ಅಡ್ಡಛೇದವನ್ನು ತೋರಿಸುವ ಚಿತ್ರವೊಂದು ಬಹುಕಾಲದಿಂದ ಅಚ್ಚಾಗುತ್ತ ಬಂದಿದೆ. ಬಾದಾಮಿಯ ಆಕಾರದ ಒಂದು ರೇಖೆ, ಅದರೊಳಗೆ ಸುತ್ತಲೂ ಸಣ್ಣದರಿಂದ ದೊಡ್ಡದಕ್ಕೆ ಬೆಳೆಯುತ್ತ ಹೋಗುವ ವೃತ್ತಗಳು, ಒಂದು ವೃತ್ತದಿಂದ ಇನ್ನೊಂದಕ್ಕೆ ಬಾಣದ ಗುರುತುಗಳು, ಕೊನೆಗೆ ಒಡೆದ ವೃತ್ತವೊಂದರಿಂದ ಹೊರಬೀಳುವ ಅಂಡಾಣು. ವಿದ್ಯಾರ್ಥಿಗಳು ಈ ಚಿತ್ರವನ್ನು ಸೊಗಸಾಗಿ ಬರೆಯುತ್ತಾರೆ, ಭಾಗಗಳನ್ನು ಗುರುತಿಸುತ್ತಾರೆ, ಅಂಕಗಳನ್ನೂ ಪಡೆಯುತ್ತಾರೆ. ಆದರೆ ಅದೇ ಚಿತ್ರದಿಂದ ಎರಡು ತಪ್ಪು ಕಲ್ಪನೆಗಳು ಅವರ ಮನಸ್ಸಿನಲ್ಲಿ ಉಳಿದುಬಿಡುತ್ತವೆ. ಅಂಡಾಣು ಬಾಣದ ಗುರುತಿನಂತೆ ಅಂಡಾಶಯದೊಳಗೆ ಸುತ್ತು ಹಾಕುತ್ತದೆ ಎಂಬುದು ಮೊದಲನೆಯದು. ಹುಡುಗಿ ಋತುಮತಿಯಾದ ಮೇಲೆ ಅಂಡಾಶಯವು ತಿಂಗಳಿಗೊಂದರಂತೆ ಹೊಸ ಅಂಡಾಣುಗಳನ್ನು ತಯಾರಿಸತೊಡಗುತ್ತದೆ ಎಂಬುದು ಎರಡನೆಯದು.

ಸೂಕ್ಷ್ಮದರ್ಶಕದ ಅಡಿಯಲ್ಲಿ ಕಾಣುವ ಅಂಡಾಶಯ ಇವೆರಡನ್ನೂ ಅಲ್ಲಗಳೆಯುತ್ತದೆ. ಅಂಡಾಶಯವು ತಯಾರಿಕೆಯ ಸ್ಥಳವಲ್ಲ. ಅದು ಹುಟ್ಟುವ ಮೊದಲೇ ತುಂಬಿಟ್ಟ ಕಣಜ. ಅದರಲ್ಲಿರುವುದು ತುಂಬುತ್ತ ಹೋಗುವುದಿಲ್ಲ, ಕರಗುತ್ತ ಹೋಗುತ್ತದೆ. ಈ ಒಂದು ಸಂಗತಿ ತಿಳಿದ ಹುಡುಗಿ ಮುಂದೆ ತನ್ನ ದೇಹದ ಬಗ್ಗೆ ಕೇಳುವ ಮಾತುಗಳನ್ನು ತೂಗಿನೋಡಬಲ್ಲಳು. ತಿಳಿದ ಹುಡುಗ ಅಂಥ ಮಾತುಗಳನ್ನು ಆಡುವ ಮುನ್ನ ಯೋಚಿಸಬಲ್ಲನು. ‘ಮನೆಯಲ್ಲಿ ಓದಿಕೊಳ್ಳಿ’ ಎಂದು ದಾಟಿಬಿಡುವ ಪಾಠ ಇದಾಗಬಾರದು ಎಂಬುದಕ್ಕೆ ಇದೇ ಮುಖ್ಯ ಕಾರಣ.

ಮೊದಲು ಪದಗಳ ವಿಚಾರ. ಹೂವಿನ ಪಾಠದಲ್ಲಿಯೂ ಅಂಡಾಶಯ ಎಂಬ ಪದ ಬರುತ್ತದೆ. ಅಲ್ಲಿ ಅಂಡಾಶಯ ಕಾಯಾಗುತ್ತದೆ, ಅಂಡಕಗಳು ಬೀಜವಾಗುತ್ತವೆ. ಆ ಪಾಠವನ್ನು ಓದಿಬಂದ ಮಗು ಮನುಷ್ಯರ ಅಂಡಾಶಯವೂ ಬೆಳೆದು ಬೇರೇನೋ ಆಗುತ್ತದೆ ಎಂದು ಭಾವಿಸುವುದು ಸಹಜ. ಮನುಷ್ಯರಲ್ಲಿ ಅಂಡಾಶಯ ಅಂಡಾಶಯವಾಗಿಯೇ ಉಳಿಯುತ್ತದೆ. ಮಗು ಬೆಳೆಯುವುದು ಗರ್ಭಕೋಶದಲ್ಲಿ. ಈ ಎರಡು ಅಂಗಗಳು ಬೇರೆ ಬೇರೆ ಎಂಬುದನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಬೇಕು. ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಯ ಮಾತು ಬಂದಾಗ ‘ಅಂಡಾಶಯಗಳನ್ನು ಉಳಿಸುತ್ತೀರಾ?’ ಎಂದು ವೈದ್ಯರನ್ನು ಕೇಳಲು ಈ ವ್ಯತ್ಯಾಸದ ಅರಿವು ಬೇಕು. ಮುಟ್ಟು ನಿಲ್ಲದ ವಯಸ್ಸಿನಲ್ಲಿ ಎರಡೂ ಅಂಡಾಶಯಗಳು ಹೋದರೆ ಅವು ಸ್ರವಿಸುತ್ತಿದ್ದ ಈಸ್ಟ್ರೋಜನ್ ಒಮ್ಮೆಲೇ ಕಡಿಮೆಯಾಗುತ್ತದೆ. ಮೂಳೆಗಳ ಬಲವೂ ಕುಗ್ಗತೊಡಗುತ್ತದೆ.

ಇನ್ನು ಆ ಚಿತ್ರದ ವೃತ್ತಗಳು. ಆಸ್ಪತ್ರೆಗಳಲ್ಲಿ ಅವನ್ನು ಫಾಲಿಕಲ್ ಎನ್ನುತ್ತಾರೆ. ಸಣ್ಣ ಚೀಲ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರದು. ಇಲ್ಲಿ ಅದಕ್ಕೆ ಪುಟಕ ಎಂಬ ಪದವನ್ನು ಬಳಸಲಾಗಿದೆ. ಎಲೆಯನ್ನು ಮಡಿಚಿ ಮಾಡಿದ ದೊನ್ನೆಗೂ ಸಂಸ್ಕೃತದಲ್ಲಿ ಇದೇ ಹೆಸರು. ದೊನ್ನೆಯಲ್ಲಿ ಇರಿಸಿದ್ದು ಬೇರೆ, ದೊನ್ನೆ ಬೇರೆ. ಹಾಗೆಯೇ ಪುಟಕದೊಳಗಿನ ಅಂಡಾಣು ಬೇರೆ, ಅದನ್ನು ಸುತ್ತುವರಿದ ಪುಟಕ ಬೇರೆ.

ಈ ವ್ಯತ್ಯಾಸ ವಿಜ್ಞಾನಿಗಳಿಗೂ ಸುಲಭವಾಗಿ ದಕ್ಕಲಿಲ್ಲ. 1672ರಲ್ಲಿ ಡಚ್ ವೈದ್ಯ ರೆನಿಯರ್ ಡಿ ಗ್ರಾಫ್ ಹೆಣ್ಣಿನ ಜನನಾಂಗಗಳ ಕುರಿತು ಗ್ರಂಥವೊಂದನ್ನು ಪ್ರಕಟಿಸಿ, ಅಂಡಾಶಯದ ಮೇಲೆ ಉಬ್ಬಿ ಕಾಣುವ ನೀರುತುಂಬಿದ ಗುಳ್ಳೆಗಳನ್ನು ವಿವರಿಸಿದನು. ಆ ಗುಳ್ಳೆಗಳನ್ನೇ ಅವನು ಅಂಡವೆಂದು ಎಣಿಸಿದನು. ಅವು ಅಂಡವಲ್ಲ, ಅಂಡಾಣುವನ್ನು ಹೊತ್ತ ಪುಟಕಗಳು ಎಂಬುದು ಸ್ಪಷ್ಟವಾಗಲು ಒಂದೂವರೆ ಶತಮಾನ ಬೇಕಾಯಿತು. 1827ರಲ್ಲಿ ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ಹೆಣ್ಣುನಾಯಿಯ ಪುಟಕವನ್ನು ತೆರೆದು ನೋಡಿದಾಗ ಒಳಗೆ ಒಂದು ಸಣ್ಣ ಹಳದಿ ಚುಕ್ಕೆ ಕಂಡಿತು. ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟಾಗ ಅದೇ ಸಸ್ತನಿಯ ನಿಜವಾದ ಅಂಡಾಣುವೆಂದು ತಿಳಿಯಿತು. ಪಕ್ವವಾದ ಪುಟಕಕ್ಕೆ ಇಂದಿಗೂ ಗ್ರಾಫಿಯನ್ ಪುಟಕ ಎಂಬ ಹೆಸರೇ ಉಳಿದಿದೆ. ಮಗು ಉತ್ತರಪತ್ರಿಕೆಯಲ್ಲಿ ಪುಟಕವನ್ನು ಅಂಡಾಣು ಎಂದು ಬರೆದರೆ ಡಿ ಗ್ರಾಫ್ ಎಡವಿದ ಕಡೆಯಲ್ಲೇ ಅದೂ ಎಡವಿದೆ ಎಂದು ತಿಳಿದು, ಈ ಕಥೆ ಹೇಳಿ ತಿದ್ದಬಹುದು.

ಈಗ ಗಾಜಿನ ಪಟ್ಟಿಯ ಮೇಲಿನ ಅಂಡಾಶಯವನ್ನು ಹೊರಗಿನಿಂದ ಒಳಕ್ಕೆ ನೋಡುತ್ತ ಹೋಗಬಹುದು. ವಯಸ್ಕ ಸ್ತ್ರೀಯ ಅಂಡಾಶಯದ ಉದ್ದ ಸುಮಾರು 3 ಸೆಂಟಿಮೀಟರ್. ಅದರ ತೆಳುವಾದ ಸೀಳನ್ನು ಹಿಮಟಾಕ್ಸಿಲಿನ್ ಮತ್ತು ಇಯೋಸಿನ್ ಎಂಬ ಬಣ್ಣಗಳಲ್ಲಿ ಅದ್ದಿದರೆ ಕೋಶಕೇಂದ್ರಗಳು ನೀಲಿಯಾಗಿಯೂ ಉಳಿದ ಭಾಗಗಳು ಗುಲಾಬಿಯಾಗಿಯೂ ಕಾಣುತ್ತವೆ. ಎಲ್ಲಕ್ಕಿಂತ ಹೊರಗೆ ಒಂದೇ ಸಾಲಿನ ಮೋಟು ಕೋಶಗಳ ಹೊದಿಕೆಯಿದೆ. 1870ರಲ್ಲಿ ಜರ್ಮನಿಯ ವಿಲ್ಹೆಲ್ಮ್ ವಾಲ್ಡೆಯರ್ ಈ ಪದರದಿಂದಲೇ ಅಂಡಾಣುಗಳು ಹುಟ್ಟುತ್ತವೆಂದು ಎಣಿಸಿ ಇದಕ್ಕೆ ಜನನ ಪದರ ಎಂಬ ಅರ್ಥದ ಹೆಸರಿಟ್ಟನು. ಆ ಎಣಿಕೆ ಬಿದ್ದುಹೋಯಿತು. ಹೆಸರು ಮಾತ್ರ ಅನೇಕ ಪುಸ್ತಕಗಳಲ್ಲಿ ಉಳಿದುಕೊಂಡಿತು. ಈ ಹೊದಿಕೆಯ ಕೆಳಗೆ ಬಿಗಿಯಾದ ನಾರಿನ ಬಿಳಿಯ ಪದರವೊಂದಿದೆ. ಅದರ ಕೆಳಗೆ ಕಾರ್ಟೆಕ್ಸ್ ಎಂದು ಕರೆಯಲಾಗುವ ಹೊರವಲಯ. ಪುಟಕಗಳೆಲ್ಲ ಇರುವುದು ಇಲ್ಲಿಯೇ. ನಡುವಿನಲ್ಲಿರುವ ಒಳವಲಯದಲ್ಲಿ ರಕ್ತನಾಳಗಳು, ದುಗ್ಧನಾಳಗಳು ಮತ್ತು ನರಗಳು ಹೆಣೆದುಕೊಂಡಿವೆ.

ಹೊರವಲಯದಲ್ಲಿ ನಾರಿನ ಪದರಕ್ಕೆ ಅಂಟಿದಂತೆ ಗುಂಪುಗುಂಪಾಗಿ ಕಾಣುವ ಅತಿ ಸಣ್ಣ ವೃತ್ತಗಳೇ ಆದಿಮ ಪುಟಕಗಳು. ಇಡೀ ಪಾಠದ ತಿರುಳು ಇವುಗಳಲ್ಲಿದೆ. ಒಂದೊಂದರ ನಡುವೆಯೂ ಒಂದು ಎಳೆಯ ಅಂಡಾಣು. ಅದರ ಸುತ್ತ ಚಪ್ಪಟೆಯಾದ ಕೆಲವೇ ಕೋಶಗಳ ಒಂದೇ ಸಾಲು. ಇಷ್ಟೇ. ಎಳೆಯ ಅಂಡಾಣುವಿನ ಅಡ್ಡಳತೆ ಸುಮಾರು 0.03 ಮಿಲಿಮೀಟರ್, ಪುಟಕವೆಲ್ಲ ಸೇರಿ ಸುಮಾರು 0.04 ಮಿಲಿಮೀಟರ್. ಮಕ್ಕಳ ಅಳತೆಪಟ್ಟಿಯ ಒಂದು ಮಿಲಿಮೀಟರ್ ಗೆರೆಯೊಳಗೆ ಇಂಥ 25 ಪುಟಕಗಳನ್ನು ಸಾಲಾಗಿ ಇಡಬಹುದು. ಅಂಡಾಣುವಿನ ಕೋಶಕೇಂದ್ರ ದೊಡ್ಡದಾಗಿ, ತಿಳಿಯಾಗಿ ಕಾಣುತ್ತದೆ. ಅದರೊಳಗೆ ಒಂದು ಗಾಢವಾದ ಚುಕ್ಕೆಯಿರುತ್ತದೆ. ಆ ಕೋಶಕೇಂದ್ರ ಮಿಯಾಸಿಸ್ ವಿಭಜನೆಯನ್ನು ಆರಂಭಿಸಿ, ಮೊದಲ ಹಂತದಲ್ಲಿಯೇ ನಿಂತುಬಿಟ್ಟಿದೆ.

ಅದು ನಿಂತದ್ದು ಯಾವಾಗ? ಉತ್ತರ ಮಕ್ಕಳಿಗೆ ಅಚ್ಚರಿಯೆನಿಸುತ್ತದೆ: ಆ ಹುಡುಗಿ ಇನ್ನೂ ತಾಯಿಯ ಗರ್ಭದಲ್ಲಿದ್ದಾಗ. ಭ್ರೂಣದ ಮೊದಲ ವಾರಗಳಲ್ಲಿ ಅಂಡಾಣುಗಳ ಮೂಲಕೋಶಗಳು ಕಾಣಿಸಿಕೊಳ್ಳುವುದು ಅಂಡಾಶಯದಲ್ಲಲ್ಲ, ಅದರ ಹೊರಗಿರುವ ಅಂಡಪೋಷಕ ಚೀಲದ ಗೋಡೆಯಲ್ಲಿ. ಅಲ್ಲಿಂದ ಅವು ಚಲಿಸಿ, ರೂಪುಗೊಳ್ಳುತ್ತಿರುವ ಅಂಡಾಶಯವನ್ನು ಸೇರುತ್ತವೆ. ಅಲ್ಲಿ ವಿಭಜನೆಗೊಂಡು ಹೆಚ್ಚುತ್ತವೆ. ಗರ್ಭದ ಐದನೆಯ ತಿಂಗಳ ಹೊತ್ತಿಗೆ ಅವುಗಳ ಸಂಖ್ಯೆ ಅರವತ್ತರಿಂದ ಎಪ್ಪತ್ತು ಲಕ್ಷದಷ್ಟಾಗುತ್ತದೆ. ಅಲ್ಲಿಂದ ಮುಂದೆ ಇಳಿಕೆಯೇ. ಜನನದ ಹೊತ್ತಿಗೆ ಹತ್ತರಿಂದ ಇಪ್ಪತ್ತು ಲಕ್ಷ, ಋತುಮತಿಯಾಗುವ ಹೊತ್ತಿಗೆ ಮೂರರಿಂದ ನಾಲ್ಕು ಲಕ್ಷ, ಮುಟ್ಟು ನಿಲ್ಲುವ ವಯಸ್ಸಿಗೆ ಸಾವಿರದಷ್ಟು ಮಾತ್ರ. ಅಜ್ಜಿಯ ಗರ್ಭದಲ್ಲಿ ತಾಯಿ ಇದ್ದಾಗಲೇ, ಮುಂದೆ ಮೊಮ್ಮಗುವಾಗಲಿರುವ ಅಂಡಾಣು ಆ ತಾಯಿಯ ಎಳೆಯ ಅಂಡಾಶಯದಲ್ಲಿ ಸೇರಿಕೊಂಡಿತ್ತು. ಗರ್ಭಿಣಿಯ ಆಹಾರ ಮತ್ತು ಆರೈಕೆಯ ಪಾಠಕ್ಕೆ ಇದಕ್ಕಿಂತ ಗಟ್ಟಿಯಾದ ಪೀಠಿಕೆ ಬೇಕಿಲ್ಲ.

ಜನನಾನಂತರ ಹೊಸ ಅಂಡಾಣುಗಳು ಹುಟ್ಟುವುದೇ ಇಲ್ಲವೇ ಎಂಬ ಪ್ರಶ್ನೆಯನ್ನು ವಿಜ್ಞಾನ ಹಗುರವಾಗಿ ಬಿಟ್ಟಿಲ್ಲ. 1951ರಲ್ಲಿ ಸಾಲಿ ಝುಕರ್‌ಮನ್ ಅಂದಿನವರೆಗಿನ ಪುರಾವೆಗಳನ್ನೆಲ್ಲ ಪರಿಶೀಲಿಸಿ, ಹುಟ್ಟುವುದಿಲ್ಲ ಎಂಬ ತೀರ್ಮಾನಕ್ಕೆ ಬಂದನು. 2004ರಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನವೊಂದು ಆ ತೀರ್ಮಾನವನ್ನು ಪ್ರಶ್ನಿಸಿತು, ಚರ್ಚೆ ಬಿಸಿಯೇರಿತು. ಆದರೆ ಸ್ತ್ರೀಯ ಅಂಡಾಶಯ ಜನನಾನಂತರ ಹೊಸ ಅಂಡಾಣುಗಳಿಂದ ತುಂಬಿಕೊಳ್ಳುತ್ತದೆ ಎಂಬುದಕ್ಕೆ ಎಲ್ಲರೂ ಒಪ್ಪುವ ಸಾಕ್ಷ್ಯ ಇದುವರೆಗೆ ದೊರೆತಿಲ್ಲ. ತರಗತಿಯಲ್ಲಿ ಹೇಳಬೇಕಾದದ್ದು ಝುಕರ್‌ಮನ್ನನ ತೀರ್ಮಾನವನ್ನೇ.

ಹಾಗಾದರೆ ಆದಿಮ ಪುಟಕ ಬೆಳೆಯುವುದು ಹೇಗೆ? ಅದರ ಎಚ್ಚರದ ಮೊದಲ ಗುರುತು ಅಂಡಾಣುವಿನ ಸುತ್ತಲಿನ ಕೋಶಗಳಲ್ಲಿ ಕಾಣುತ್ತದೆ. ಚಪ್ಪಟೆಯಾಗಿದ್ದ ಕೋಶಗಳು ದಪ್ಪಗಾಗಿ ಘನಾಕಾರ ತಾಳುತ್ತವೆ. ಇದು ಪ್ರಾಥಮಿಕ ಪುಟಕ. ಒಳಗೆ ಅಂಡಾಣುವೂ ಹಿಗ್ಗುತ್ತದೆ. ಅದರ ಸುತ್ತ ಜೋನಾ ಪೆಲ್ಲುಸಿಡಾ ಎಂಬ ಗುಲಾಬಿ ಬಣ್ಣದ ಹೊಳಪಿನ ಉಂಗುರ ಮೂಡುತ್ತದೆ. ಮುಂದೆ ವೀರ್ಯಾಣು ದಾಟಬೇಕಾದ ಕವಚ ಇದೇ. ಸುತ್ತಲಿನ ಕೋಶಗಳು ವಿಭಜಿಸಿ ಎರಡು ಸಾಲು, ಮೂರು ಸಾಲು, ಹಲವು ಸಾಲುಗಳಾಗುತ್ತವೆ. ಇವನ್ನು ಗ್ರ್ಯಾನ್ಯುಲೋಸಾ ಕೋಶಗಳೆನ್ನುತ್ತಾರೆ. ಇವುಗಳ ನಡುವೆ ರಕ್ತನಾಳಗಳಿಲ್ಲ. ಅಂಡಾಣುವಿಗೆ ಪೋಷಣೆ ಕೋಶದಿಂದ ಕೋಶಕ್ಕೆ ಕೈ ಬದಲಾಗಿಯೇ ತಲುಪಬೇಕು. ಅದಕ್ಕಾಗಿ ಈ ಕೋಶಗಳ ಸೂಕ್ಷ್ಮವಾದ ಎಳೆಗಳು ಹೊಳಪಿನ ಉಂಗುರವನ್ನು ತೂರಿ ಅಂಡಾಣುವನ್ನು ಮುಟ್ಟುತ್ತವೆ. ಹೊರಗಿನಿಂದ ಥೀಕಾ ಎಂಬ ಇನ್ನೊಂದು ಹೊದಿಕೆ ಬೆಳೆದು ಪುಟಕವನ್ನು ಸುತ್ತುತ್ತದೆ. ರಕ್ತನಾಳಗಳು ಬರುವುದು ಈ ಹೊದಿಕೆಯವರೆಗೆ. ಥೀಕಾ ಕೋಶಗಳು ತಯಾರಿಸಿಕೊಟ್ಟ ಆಂಡ್ರೋಜನ್ನನ್ನು ಗ್ರ್ಯಾನ್ಯುಲೋಸಾ ಕೋಶಗಳು ಈಸ್ಟ್ರೋಜನ್ನಾಗಿ ಬದಲಿಸುತ್ತವೆ. ಹುಡುಗಿಯ ಮೈಯಲ್ಲಿ ಪ್ರಾಯದ ಬದಲಾವಣೆಗಳನ್ನು ತರುವ ಹಾರ್ಮೋನು ಹೀಗೆ ಎರಡು ಬಗೆಯ ಕೋಶಗಳ ಕೂಡುದುಡಿಮೆಯಿಂದ ಹುಟ್ಟುತ್ತದೆ.

ಮುಂದೆ ಕೋಶಗಳ ನಡುವೆ ದ್ರವ ಸೇರಿಕೊಂಡು ಒಂದು ಕುಹರವಾಗುತ್ತದೆ. ಅಂಡಾಣು ಒಂದು ಬದಿಗೆ ಸರಿಯುತ್ತದೆ. ಒಡೆಯಲು ಸಿದ್ಧವಾದ ಪುಟಕದ ಅಡ್ಡಳತೆ ಸುಮಾರು 20 ಮಿಲಿಮೀಟರ್, ಎಂದರೆ ಆದಿಮ ಪುಟಕದ 500 ಪಟ್ಟು. ಒಳಗಿನ ಅಂಡಾಣು ಮಾತ್ರ ಸುಮಾರು 0.12 ಮಿಲಿಮೀಟರಿಗೆ ಬೆಳೆದಿರುತ್ತದೆ. ಅಡ್ಡಳತೆಯಲ್ಲಿ ನಾಲ್ಕು ಪಟ್ಟು, ಗಾತ್ರದಲ್ಲಿ 64 ಪಟ್ಟು. ಗೋಳದ ಘನಫಲದ ಸೂತ್ರ ಕಲಿತ ಮಕ್ಕಳಿಗೆ ಇದು ಒಳ್ಳೆಯ ಲೆಕ್ಕ. ಈ ಇಡೀ ಬೆಳವಣಿಗೆ ಒಂದು ತಿಂಗಳಲ್ಲಿ ಮುಗಿಯುವಂಥದಲ್ಲ. ಕುಹರ ಮೂಡುವುದಕ್ಕೆ ಸ್ವಲ್ಪ ಮೊದಲಿನ ಹಂತದಿಂದ ಅಂಡಾಣು ಹೊರಬೀಳುವವರೆಗೆ ಸುಮಾರು 85 ದಿನ ಬೇಕು. ಅದಕ್ಕೂ ಮೊದಲಿನ ನಿಧಾನದ ಬೆಳವಣಿಗೆ ಹಲವು ತಿಂಗಳುಗಳದು. ಈ ತಿಂಗಳು ಹೊರಬಂದ ಅಂಡಾಣು ಬೆಳೆಯತೊಡಗಿದ್ದು ಎಷ್ಟೋ ತಿಂಗಳ ಹಿಂದೆ. ಪುಸ್ತಕದ ಚಿತ್ರ ಇಷ್ಟೂ ಕಾಲವನ್ನು ಒಂದೇ ವೃತ್ತದಲ್ಲಿ ಅಡಗಿಸಿದೆ. ಅಲ್ಲಿನ ಬಾಣಗಳು ಸೂಚಿಸುವುದು ಕಾಲದ ಸರಿತವನ್ನು, ಸ್ಥಳದ ಬದಲಾವಣೆಯನ್ನಲ್ಲ. ಪುಟಕ ಅಂಡಾಶಯವನ್ನು ಸುತ್ತುವುದಿಲ್ಲ. ಇದ್ದಲ್ಲಿಯೇ ಬೆಳೆದು, ಹಿಗ್ಗಿ, ಮೇಲ್ಮೈಗೆ ಒತ್ತಿಕೊಳ್ಳುತ್ತದೆ.

ಇದನ್ನು ಸೂಕ್ಷ್ಮದರ್ಶಕವಿಲ್ಲದೆ ಮನವರಿಕೆ ಮಾಡಿಕೊಡುವ ದಾರಿಯೊಂದಿದೆ. ಮೊಟ್ಟೆಯಿಡುವ ಕೋಳಿಯನ್ನು ಮನೆಯಲ್ಲಿ ಕೊಯ್ದಾಗ ಅದರ ಒಡಲಲ್ಲಿ ಹಳದಿ ಗುಂಡುಗಳ ಗೊಂಚಲನ್ನು ಕಂಡ ಮಕ್ಕಳು ಬಹುತೇಕ ಎಲ್ಲ ತರಗತಿಗಳಲ್ಲಿಯೂ ಇರುತ್ತಾರೆ. ಅದು ಕೋಳಿಯ ಅಂಡಾಶಯ. ಕೋಳಿಗಳಲ್ಲಿ ಎಡಗಡೆಯದು ಮಾತ್ರ ಬೆಳೆದಿರುತ್ತದೆ. ಸಾಸಿವೆಯಷ್ಟು, ಕಡಲೆಯಷ್ಟು, ಸಣ್ಣ ನಿಂಬೆಹಣ್ಣಿನಷ್ಟು ಗಾತ್ರದ ಗುಂಡುಗಳು ಒಂದೇ ಗೊಂಚಲಲ್ಲಿ ಒಂದೇ ಸಮಯದಲ್ಲಿ ಕಾಣುತ್ತವೆ. ನಾಳೆಯದು, ನಾಡಿದ್ದಿನದು, ಅದರಾಚೆಯದು ಎಲ್ಲವೂ ಅಲ್ಲಿವೆ. ಕೋಳಿಯ ಅಂಡಾಣುವಿನಲ್ಲಿ ಬಂಡಾರ ತುಂಬಿರುವುದರಿಂದ ಅದು ಬರಿಗಣ್ಣಿಗೆ ಕಾಣುತ್ತದೆ. ಮನುಷ್ಯರಲ್ಲಿ ಬಂಡಾರವಿಲ್ಲದ ಕಾರಣ ಸೂಕ್ಷ್ಮದರ್ಶಕ ಬೇಕು. ಕೋಳಿಯನ್ನು ಕಂಡಿರದ ಮಕ್ಕಳಿಗೆ ಮಲ್ಲಿಗೆಯ ಗಿಡ ಸಾಕು: ಒಂದೇ ಗಿಡದಲ್ಲಿ ಹರಳುಮೊಗ್ಗು, ಬಲಿತ ಮೊಗ್ಗು, ಅರಳಿದ ಹೂವು ಎಲ್ಲವೂ ಇದ್ದಲ್ಲೇ ಇರುತ್ತವೆ.

ಆದರೆ ಎಚ್ಚೆತ್ತ ಪುಟಕಗಳಲ್ಲಿ ಬಹುಪಾಲು ಅಂಡಾಣುವನ್ನು ಹೊರಹಾಕುವ ಹಂತವನ್ನು ಮುಟ್ಟುವುದೇ ಇಲ್ಲ. ಒಮ್ಮೆ ಬೆಳೆಯತೊಡಗಿದ ಪುಟಕ ಮತ್ತೆ ನಿದ್ರೆಗೆ ಮರಳಲಾರದು. ಒಂದೋ ಪಕ್ವವಾಗಬೇಕು, ಇಲ್ಲವೇ ನಶಿಸಬೇಕು. ಸೂಕ್ಷ್ಮದರ್ಶಕದಡಿ ಸುಕ್ಕುಗಟ್ಟಿದ ಅಂಡಾಣು, ಚೂರಾದ ಕೋಶಕೇಂದ್ರಗಳು, ಕುಸಿದ ಉಂಗುರ ಕಂಡರೆ ಅದು ನಶಿಸುತ್ತಿರುವ ಪುಟಕ. ಜೀವಮಾನದಲ್ಲಿ ಹೊರಬೀಳುವ ಅಂಡಾಣುಗಳು ಸುಮಾರು 400. ಪ್ರಾಯದಲ್ಲಿದ್ದ ನಾಲ್ಕು ಲಕ್ಷಕ್ಕೆ ಹೋಲಿಸಿದರೆ ಸಾವಿರಕ್ಕೊಂದು. ಇನ್ನೊಂದು ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಬಹುದು. ಜನನದಲ್ಲಿ ಹತ್ತು ಲಕ್ಷ, ಹದಿಮೂರನೆಯ ವಯಸ್ಸಿನಲ್ಲಿ ಮೂರು ಲಕ್ಷ ಎಂದು ಹಿಡಿದರೆ ನಡುವೆ ಕರಗಿದ್ದು ಏಳು ಲಕ್ಷ. ದಿನಕ್ಕೆ ಸರಾಸರಿ ಸುಮಾರು 150. ಒಮ್ಮೆಯೂ ಮುಟ್ಟಾಗದ ಮಗುವಿನಲ್ಲಿ ನಡೆಯುವ ವ್ಯಯವಿದು. ಆದಿಮ ಪುಟಕಗಳು ಎಚ್ಚೆತ್ತುಕೊಳ್ಳಲು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಕರೆ ಬೇಕಿಲ್ಲ; ಕೊನೆಯ ಹಂತಗಳಿಗೆ ಮಾತ್ರ ಅದು ಬೇಕು. ಆದ್ದರಿಂದ ಬೇಗ ಮುಟ್ಟಾದರೆ ಅಂಡಾಣುಗಳು ಬೇಗ ಮುಗಿಯುತ್ತವೆ, ಗರ್ಭಿಣಿಯಾಗಿದ್ದಾಗ ಉಳಿತಾಯವಾಗುತ್ತವೆ ಎಂಬ ಲೆಕ್ಕಾಚಾರಗಳಿಗೆ ಆಧಾರವಿಲ್ಲ.

ಈ ತಿಳಿವಳಿಕೆಯ ಉಪಯೋಗ ಪರೀಕ್ಷೆಯಾಚೆಗೂ ಇದೆ. ಪ್ರೌಢಶಾಲೆಯ ಹುಡುಗಿಯೊಬ್ಬಳಿಗೆ ಸ್ಕ್ಯಾನಿಂಗ್ ಮಾಡಿಸಿ, ‘ಅಂಡಾಶಯದಲ್ಲಿ ನೀರುಗುಳ್ಳೆಗಳಿವೆ’ ಎಂದು ಮನೆಯವರು ಗಾಬರಿಯಾಗುವುದು ಇಂದು ಅಪರೂಪವಲ್ಲ. ಸ್ಕ್ಯಾನಿಂಗಿನಲ್ಲಿ ಕಾಣುವ ಆ ಸಣ್ಣ ಗುಳ್ಳೆಗಳು ಬಹುಮಟ್ಟಿಗೆ ದ್ರವ ತುಂಬಿದ ಪುಟಕಗಳೇ. ಪಿಸಿಓಎಸ್ ಎಂಬ ತೊಂದರೆಯಲ್ಲಿಯೂ ಹೆಚ್ಚಾಗಿ ಕಾಣುವುದು ಬೆಳವಣಿಗೆ ನಡುವೆ ನಿಂತ ಪುಟಕಗಳೇ ಹೊರತು ಗೆಡ್ಡೆಗಳಲ್ಲ. ಹದಿಹರೆಯದಲ್ಲಿ ಇಂಥ ಪುಟಕಗಳು ಹಲವು ಇರುವುದು ಸಹಜವಾದ್ದರಿಂದ, ಮೊದಲ ಮುಟ್ಟಿನಿಂದ ಎಂಟು ವರ್ಷ ಕಳೆಯುವ ಮುನ್ನ ಸ್ಕ್ಯಾನಿಂಗಿನ ಚಿತ್ರದಿಂದ ಈ ತೊಂದರೆಯನ್ನು ನಿರ್ಧರಿಸಬಾರದೆಂದು 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳಿದೆ. ಚಿಕಿತ್ಸೆ ಹೇಳುವುದು ಶಿಕ್ಷಕರ ಕೆಲಸವಲ್ಲ. ಆದರೆ ಪುಟಕ ಎಂದರೇನೆಂದು ಅರಿತ ಹುಡುಗಿ ವೈದ್ಯರ ಮುಂದೆ ಅಂಜದೆ ಪ್ರಶ್ನೆ ಕೇಳಬಲ್ಲಳು.

ತೆಳುವಾದ ಆ ಹೊರವಲಯದ ಬೆಲೆಯನ್ನು ತೋರಿಸುವ ಇನ್ನೊಂದು ಸಂಗತಿಯಿದೆ. ಕ್ಯಾನ್ಸರ್ ಚಿಕಿತ್ಸೆಯ ಔಷಧಗಳು ಪುಟಕಗಳನ್ನು ನಾಶಮಾಡಬಲ್ಲವು. ಆದ್ದರಿಂದ ಚಿಕಿತ್ಸೆಗೆ ಮೊದಲು ಹೊರವಲಯದ ಸಣ್ಣ ಪಟ್ಟಿಗಳನ್ನು ತೆಗೆದು, ಶೈತ್ಯದಲ್ಲಿ ಕಾಪಿಟ್ಟು, ಗುಣವಾದ ಮೇಲೆ ಮರಳಿ ಕಸಿಮಾಡುವ ವಿಧಾನ ಬಳಕೆಗೆ ಬಂದಿದೆ. 2004ರಲ್ಲಿ ಬೆಲ್ಜಿಯಂ ದೇಶದಲ್ಲಿ ಹೀಗೆ ಕಸಿಮಾಡಿಸಿಕೊಂಡ ಮಹಿಳೆಯೊಬ್ಬರು ಮಗುವನ್ನು ಹೆತ್ತರು. ಆ ಪಟ್ಟಿಗಳಲ್ಲಿ ಕಾಯ್ದಿಟ್ಟದ್ದು ಮುಖ್ಯವಾಗಿ ಆದಿಮ ಪುಟಕಗಳನ್ನು.

ಮಕ್ಕಳಾಗದ ಹೊಣೆಯನ್ನೂ ಹೆಣ್ಣುಮಕ್ಕಳೇ ಹುಟ್ಟುವ ಹೊಣೆಯನ್ನೂ ಹೆಂಗಸಿನ ತಲೆಗೆ ಕಟ್ಟುವ ಮಾತು ಊರೂರಲ್ಲಿಯೂ ಇದೆ. ಅಂಡಾಣುಗಳೆಲ್ಲ ಹೊರುವುದು ಎಕ್ಸ್ ವರ್ಣತಂತುವನ್ನೇ. ಮಗು ಗಂಡೋ ಹೆಣ್ಣೋ ಎಂಬುದು ವೀರ್ಯಾಣು ತರುವ ವರ್ಣತಂತುವಿನಿಂದ ನಿರ್ಧಾರವಾಗುತ್ತದೆ. ಅಂಡಾಶಯದ ಕಣಜವಂತೂ ಅವಳು ಹುಟ್ಟುವ ಮೊದಲೇ ತುಂಬಿದ್ದು. ಅದರ ಅಳತೆ ಅವಳ ನಡತೆಯಿಂದಾಗಲಿ ವ್ರತನಿಯಮಗಳಿಂದಾಗಲಿ ಬಂದದ್ದಲ್ಲ. ವಯಸ್ಸಿಗೆ ಸಂಬಂಧಿಸಿದ ಸತ್ಯವನ್ನೂ ಮರೆಮಾಡದೆ ಹೇಳಬೇಕು. ದಶಕಗಳ ಕಾಲ ಅರ್ಧಕ್ಕೆ ನಿಂತ ವಿಭಜನೆ ಮತ್ತೆ ಮುಂದುವರಿಯುವಾಗ ವರ್ಣತಂತುಗಳು ಸರಿಯಾಗಿ ಬೇರ್ಪಡದಿರುವ ಸಂಭವ ವಯಸ್ಸಿನೊಂದಿಗೆ ಹೆಚ್ಚುತ್ತದೆ. ಇದನ್ನು ಹೆದರಿಸುವ ಧ್ವನಿಯಲ್ಲಿ ಹೇಳದೆ, ಜೀವಕೋಶದ ಒಂದು ಗುಣವಾಗಿ ಹೇಳಬೇಕು.

ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಇನ್ನೊಂದು ಹೊಣೆ ಸೇರಿಕೊಳ್ಳುತ್ತದೆ. ಪಾಠ ಕನ್ನಡದಲ್ಲಿ, ಮನೆಮಾತು ಕೆಲವರಿಗೆ ತುಳು ಅಥವಾ ಮರಾಠಿ, ಆಸ್ಪತ್ರೆಯ ಮಾತು ಆ ರಾಜ್ಯದ ಭಾಷೆ, ಚೀಟಿಯ ಬರಹ ಇಂಗ್ಲಿಷು. ಅಂಡಾಶಯ ಎಂಬ ಪದಕ್ಕೆ ಅಷ್ಟು ತೊಡಕಿಲ್ಲ: ಮಲಯಾಳ, ತೆಲುಗುಗಳಲ್ಲಿ ಅಂಡಾಶಯಂ, ಮರಾಠಿಯಲ್ಲಿ ಅಂಡಾಶಯ, ತಮಿಳಿನಲ್ಲಿ ಅಂಡಗಂ. ಪುಟಕ ಎಂಬ ಪದ ಮಾತ್ರ ಗಡಿ ದಾಟುವುದು ಕಷ್ಟ. ಆದ್ದರಿಂದ ಅದರ ಪಕ್ಕದಲ್ಲಿಯೇ ಫಾಲಿಕಲ್ ಎಂಬ ಪದವನ್ನೂ ಹಲಗೆಯ ಮೇಲೆ ಬರೆದು, ಎರಡನ್ನೂ ಗಟ್ಟಿಯಾಗಿ ಓದಿಸಬೇಕು. ಸಂಕೋಚವಿಲ್ಲದೆ ಉಚ್ಚರಿಸಿದ ಪದ ಆಸ್ಪತ್ರೆಯ ಸಾಲಿನಲ್ಲಿ ನಿಂತಾಗಲೂ ನೆನಪಿಗೆ ಬರುತ್ತದೆ.

ಪಾಠದ ಕೊನೆಯಲ್ಲಿ ಚಿತ್ರವನ್ನು ಹೊಸದಾಗಿ ಬರೆಸುವುದು ಒಳ್ಳೆಯದು. ಬಾಣಗಳು ಬೇಡ. ಹೊರ ಅಂಚಿನುದ್ದಕ್ಕೂ ಚುಕ್ಕೆಗಳನ್ನು ಒತ್ತೊತ್ತಾಗಿ ಇಡಿಸಬೇಕು. ಅವು ಆದಿಮ ಪುಟಕಗಳು. ಅಲ್ಲಲ್ಲಿ ಕೆಲವು ಪ್ರಾಥಮಿಕ ಪುಟಕಗಳು, ಒಂದೆರಡು ಕುಹರವುಳ್ಳವು, ನಡುನಡುವೆ ನಶಿಸುತ್ತಿರುವ ಕೆಲವು. ಪಕ್ವ ಪುಟಕ ಒಂದೇ ಒಂದು. ಚಿತ್ರದ ಕೆಳಗೆ ಎರಡು ಸಾಲು ಬರೆಸಬೇಕು: ‘ಈ ಚುಕ್ಕೆಗಳು ಹುಟ್ಟುವ ಮೊದಲೇ ಇದ್ದವು. ಪ್ರತಿಯೊಂದೂ ಇದ್ದಲ್ಲಿಯೇ ಬೆಳೆಯುತ್ತದೆ.’ ಹುಡುಗರೂ ಹುಡುಗಿಯರೂ ಒಟ್ಟಿಗೆ ಕುಳಿತು ಇದೇ ಚಿತ್ರವನ್ನು ಬರೆಯಲಿ.